ಫೈರ್ ಡ್ರಿಲ್ ದಿನ ನಾನು ಮಾಡಿದ ಉಪಕಾರ

ಆಫೀಸಿನಲ್ಲಿ ನನ್ನದು ಅಡ್ಮಿನ್ ಕೆಲಸ. ಯಾರಿಗೆ ಯಾವ ಸೀಟು, ಯಾವ ಬೀರುವಿನ ಕೀ ಯಾರ ಹತ್ತಿರ, ಲಿಫ್ಟ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ನನ್ನ ತಲೆಗೇ. ವರ್ಷಕ್ಕೆ ಎರಡು ಸಲ ಫೈರ್ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಹೊರಬರುವ ಅಭ್ಯಾಸ, ಮಾಡಿಸುವುದೂ ನಾನೇ.

ನಮ್ಮದು ನಾಲ್ಕನೇ ಮಹಡಿ. ಒಂದೂವರೆ ವರ್ಷದ ಹಿಂದೆ ಅಕೌಂಟ್ಸ್‌ಗೆ ಹೊಸಬರೊಬ್ಬರು ಸೇರಿದರು. ಬ್ಯಾಟರಿಯಲ್ಲಿ ಓಡುವ ವೀಲ್‌ಚೇರ್ ಬಳಸುತ್ತಾರೆ. ಅವರು ಬರುವ ಮುಂಚೆಯೇ ಎಲ್ಲ ಸಿದ್ಧ ಮಾಡಿಬಿಡಬೇಕು ಅಂತ ನನಗೆ ಭಾರಿ ಹುಮ್ಮಸ್ಸು. ಬಾಗಿಲ ಬಳಿ ಎರಡು ಮೆಟ್ಟಿಲಿದ್ದವು, ಒಟ್ಟು 30 ಸೆಂಟಿಮೀಟರ್ ಎತ್ತರ. ಇದ್ದ ಜಾಗದಲ್ಲೇ ಒಂದೂವರೆ ಮೀಟರ್ ಉದ್ದದ ರ‍್ಯಾಂಪ್ ಹಾಕಿಸಿದೆ. ಅವರು ಮೊದಲ ದಿನ ಅದನ್ನು ನೋಡಿ, "ಸರ್, ಇದು ಜಾರುಬಂಡೆ" ಎಂದು ನಕ್ಕರು. ಒಂದು ಸೆಂಟಿಮೀಟರ್ ಎತ್ತರಕ್ಕೆ ಕನಿಷ್ಠ 12 ಸೆಂಟಿಮೀಟರ್ ಉದ್ದ ಬೇಕಂತೆ. ಅಂದರೆ ನಾನು ಹಾಕಿಸಬೇಕಿದ್ದದ್ದು 3.6 ಮೀಟರ್. ಒಡೆಸಿ, ತಿರುವು ಕೊಟ್ಟು ಮತ್ತೆ ಕಟ್ಟಿಸಿದೆವು. ಟೇಬಲ್ ಎತ್ತರ ಮಾಡಿಸಿದೆವು, ಟಾಯ್ಲೆಟ್ ಬಾಗಿಲು ಅಗಲ ಮಾಡಿಸಿದೆವು. ಅಷ್ಟಾದ ಮೇಲೆ ಈ ವಿಷಯ ಮುಗಿಯಿತು ಅಂದುಕೊಂಡೆ.

ಡ್ರಿಲ್‌ನ ಹಿಂದಿನ ದಿನ ಅವರಿಗೆ ಫೋನ್ ಮಾಡುತ್ತಿದ್ದೆ. "ಸರ್, ನಾಳೆ ಲಿಫ್ಟ್ ಆಫ್ ಇರುತ್ತೆ. ನೀವು ಮನೆಯಿಂದಲೇ ಕೆಲಸ ಮಾಡಿಬಿಡಿ, ಸುಮ್ನೆ ಯಾಕೆ ತೊಂದರೆ?" ಅವರು "ಆಯ್ತು" ಅನ್ನುತ್ತಿದ್ದರು. ಹೀಗೆ ಮೂರು ಡ್ರಿಲ್ ಕಳೆದವು. ಮೂರರಲ್ಲೂ ಆರು ನಿಮಿಷದೊಳಗೆ ಮಹಡಿ ಖಾಲಿ. "ಎಲ್ಲರೂ ಸುರಕ್ಷಿತವಾಗಿ ಹೊರಬಂದಿದ್ದಾರೆ" ಎಂದು ರಿಪೋರ್ಟ್ ಬರೆದು ಸಹಿ ಹಾಕಿದವನು ನಾನೇ. ಒಂದು ಸಲ ಶಹಬ್ಬಾಸ್‌ಗಿರಿಯೂ ಸಿಕ್ಕಿತು.

ಆಮೇಲೆ ಒಂದು ದಿನ ಯುಪಿಎಸ್ ರೂಮಿನಲ್ಲಿ ಬ್ಯಾಟರಿ ಸುಟ್ಟು ಹೊಗೆ ಬಂತು. ಅಲಾರಂ ಹೊಡೆಯಿತು. ಲಿಫ್ಟ್‌ಗಳು ತಾವಾಗಿಯೇ ನೆಲಮಹಡಿಗೆ ಹೋಗಿ ಬಾಗಿಲು ತೆಗೆದು ನಿಂತವು. ಅವು ಇರಬೇಕಾದ್ದೂ ಹಾಗೆಯೇ. ಬೆಂಕಿ ಬಿದ್ದಾಗ ಲಿಫ್ಟ್ ಓಡುವ ಕೊಳವೆ ಚಿಮಣಿಯ ಹಾಗೆ ಹೊಗೆ ಎಳೆಯುತ್ತೆ, ಕರೆಂಟ್ ಯಾವ ಕ್ಷಣಕ್ಕಾದರೂ ಹೋಗಬಹುದು, ಬೆಂಕಿ ಇರುವ ಮಹಡಿಯಲ್ಲೇ ಬಾಗಿಲು ತೆರೆದುಕೊಳ್ಳಲೂಬಹುದು. ಇದನ್ನೆಲ್ಲ ಡ್ರಿಲ್‌ನಲ್ಲಿ ನಾನೇ ಪಾಠ ಮಾಡುತ್ತಿದ್ದೆ. ರೂಢಿಯಂತೆ ಎಲ್ಲರೂ ಇಳಿದೆವು. ಕೆಳಗೆ ನಿಂತು ಹಾಜರಿ ಪುಸ್ತಕ ತೆರೆದೆ. ಅಷ್ಟರಲ್ಲಿ ಫೋನ್ ಬಂತು. ನಾಲ್ಕನೇ ಮಹಡಿಯಿಂದ.

"ಸರ್, ನಾನು ಇಲ್ಲೇ ಮೆಟ್ಟಿಲ ಹತ್ತಿರ ಇದ್ದೀನಿ. ಕಾಯಬೇಕಾ, ಇಲ್ಲಾ ಮನೆಯಿಂದ ಕೆಲಸ ಮಾಡಲಾ?"

ಅವರು ತಮಾಷೆಯಾಗಿಯೇ ಕೇಳಿದರು. ನನಗೆ ಕಾಲು ನಡುಗಿತು.

ಓಡಿ ಮೇಲೆ ಹೋದೆ. ಸೆಕ್ಯೂರಿಟಿಯವರೂ ಇನ್ನೊಬ್ಬ ಹುಡುಗನೂ ಅವರನ್ನು ಎತ್ತಿಕೊಳ್ಳಲು ಕೈ ಚಾಚಿದ್ದರು. ಅವರು ಬೇಡವೇ ಬೇಡ ಅಂದರು. ಆ ಕುರ್ಚಿ 100 ಕಿಲೋಗಿಂತ ಜಾಸ್ತಿ ತೂಕ, ಅದನ್ನು ಮೆಟ್ಟಿಲ ಮೇಲೆ ಹೊರುವ ಮಾತೇ ಇಲ್ಲ. ಅವರನ್ನೊಬ್ಬರನ್ನೇ ಎತ್ತೋಣ ಅಂದರೆ, ಕಂಕುಳಿಗೆ ಕೈ ಹಾಕಿ ಎಳೆದರೆ ಭುಜಕ್ಕೆ ಪೆಟ್ಟಾಗುತ್ತೆ, ಬೆನ್ನಿಗೆ ಆನಿಕೆ ಬೇಕು, ಕಾಲು ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತೆ. ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಹೊಗೆಯಲ್ಲಿ ನಿಂತು ಕಲಿಯುವ ವಿದ್ಯೆಯೂ ಅದಲ್ಲ. ನಮ್ಮ ಪುಣ್ಯ, ಬೆಂಕಿ ಹತ್ತಲಿಲ್ಲ. ಇಪ್ಪತ್ತು ನಿಮಿಷಕ್ಕೆ ಹೊಗೆ ಹೋಯಿತು.

ನಾವು ಅವರ ಜೊತೆ ಮೆಟ್ಟಿಲ ಬಳಿ ನಿಂತಿದ್ದಾಗಲೇ ಡಿಸೈನ್ ತಂಡದ ಮೇಡಂ ಒಳಗಿನ ಸಣ್ಣ ರೂಮಿನಿಂದ ಹೊರಬಂದರು. ಅವರಿಗೆ ಕಿವಿ ಕೇಳಿಸುವುದಿಲ್ಲ. ಅಲಾರಂ ಹೊಡೆದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಕೆಳಗೆ ಅವರ ತಂಡದವರು "ನಮ್ಮವರೆಲ್ಲ ಬಂದಿದ್ದಾರೆ" ಅಂದಿದ್ದರು, ನಾನು ಟಿಕ್ ಹಾಕಿಯೂ ಆಗಿತ್ತು! ಖಾಲಿ ಆಫೀಸು ನೋಡಿ ಏನು ಅನ್ನಿಸಿತು ಎಂದು ಆಮೇಲೆ ಕೇಳಿದೆ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: "ಏನೋ ಮೀಟಿಂಗ್ ಇರಬೇಕು, ಯಾವಾಗಿನ ಹಾಗೆ ನನ್ನನ್ನು ಕರೆಯೋದು ಮರೆತಿದ್ದಾರೆ ಅಂದುಕೊಂಡೆ." ಆ "ಯಾವಾಗಿನ ಹಾಗೆ" ಇದೆಯಲ್ಲ, ಅದು ಡ್ರಿಲ್‌ಗಿಂತ ದೊಡ್ಡ ವಿಷಯ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಮರುದಿನ ಅಕೌಂಟ್ಸ್‌ನವರ ಹತ್ತಿರ ಹೋಗಿ ಕೂತೆ. "ಡ್ರಿಲ್‌ಗೆ ಬರಬೇಡಿ ಅಂದಾಗ ನೀವಾದರೂ ಯಾಕೆ ಒಂದು ಮಾತು ಹೇಳಲಿಲ್ಲ?" ಎಂದು ಕೇಳಿದೆ. ಈಗ ಯೋಚಿಸಿದರೆ, ತಪ್ಪು ನನ್ನದಾದರೂ ಅಲ್ಲೂ ಅವರನ್ನೇ ವಿಚಾರಣೆ ಮಾಡುತ್ತಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಬಂದ ಮೊದಲ ವಾರ ರ‍್ಯಾಂಪ್ ಸರಿಯಿಲ್ಲ ಅಂದೆ. ಆಮೇಲೆ ಟೇಬಲ್ ಕೇಳಿದೆ. ಆಮೇಲೆ ಬಾಗಿಲು. ಪ್ರತಿ ಸಲ ಕೇಳುವಾಗಲೂ ನನ್ನ ಲೆಕ್ಕದಲ್ಲಿ ಒಂದು ಕಳೆಯುತ್ತೆ ಅನ್ನಿಸುತ್ತೆ. ಇನ್ನೂ ಎಷ್ಟು ಅಂತ ಕೇಳೋದು ಸರ್?"

ನಾನು ಅವರ ಯಾವ ಬೇಡಿಕೆಗೂ ಇಲ್ಲ ಅಂದವನಲ್ಲ. ಆದರೆ ಮೂರು ಸಲವೂ ಅವರೇ ಕೇಳಬೇಕಾಯಿತು. ನಾಲ್ಕನೆಯದನ್ನು ಅವರು ಕೇಳಲಿಲ್ಲ, ನಾನು ಮನೆಗೆ ಕಳಿಸಿ ಮುಚ್ಚಿಹಾಕಿದೆ. ಅವರು ಕೇಳಿದಂಥ ಅನುಕೂಲ ಮಾಡಿಕೊಡುವುದಕ್ಕೆ ಕಾನೂನಿನ ಭಾಷೆಯಲ್ಲಿ ರೀಸನಬಲ್ ಅಕಾಮಡೇಷನ್ ಅನ್ನುತ್ತಾರೆ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲಿ ಈ ಮಾತಿದೆ. ಸಂಸ್ಥೆಗೆ ಹೊರಲಾರದಷ್ಟು ಭಾರವಾಗದಿದ್ದರೆ ಅನುಕೂಲ ಮಾಡಿಕೊಡಬೇಕು, ಕೊಡದಿದ್ದರೆ ಅದೂ ಭೇದಭಾವವೇ ಎಂದು ಅದು ಹೇಳುತ್ತೆ. ನಾನು ಇದನ್ನು ಎಂದೋ ಓದಿದ್ದೆ. ಓದುವಾಗ ಕಣ್ಣ ಮುಂದೆ ಬಂದದ್ದು ರ‍್ಯಾಂಪು, ಟೇಬಲ್ಲು. ಅಲಾರಂ, ಮೆಟ್ಟಿಲು ಬರಲೇ ಇಲ್ಲ. ಮನೆಯಿಂದ ಕೆಲಸ ಮಾಡುವುದು ಎಷ್ಟೋ ಜನಕ್ಕೆ ನಿಜಕ್ಕೂ ದೊಡ್ಡ ಅನುಕೂಲ, ಇಲ್ಲ ಅನ್ನಲ್ಲ. ಆದರೆ ಅದನ್ನು ಅವರು ಆರಿಸಿಕೊಂಡಿರಬೇಕು. ಇಲ್ಲಿ ಆರಿಸಿದ್ದು ನಾನು, ಅದೂ ನನ್ನ ರಿಪೋರ್ಟ್ ಚೆನ್ನಾಗಿ ಕಾಣಲಿ ಅಂತ.

ಆಮೇಲೆ ಮೆಟ್ಟಿಲಿಳಿಸುವ ಕುರ್ಚಿ ತರಿಸಿದೆವು. ಹಗುರ ಕುರ್ಚಿ, ಹಿಂಭಾಗದಲ್ಲಿ ರಬ್ಬರ್ ಪಟ್ಟಿ ಇರುತ್ತೆ. ಮೆಟ್ಟಿಲಂಚಿನ ಮೇಲೆ ಅದು ಬಿಗಿಹಿಡಿದು ಸರಿಯುವುದರಿಂದ ಕೂತವರ ಭಾರಕ್ಕೆ ಕುರ್ಚಿ ಜರ್ರನೆ ಜಾರುವುದಿಲ್ಲ. ಅಭ್ಯಾಸ ಇದ್ದರೆ ಒಬ್ಬರೇ ಇಳಿಸಬಹುದು. 2001ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಮೇಲೆ ದಾಳಿಯಾದಾಗ, 69ನೇ ಮಹಡಿಯಲ್ಲಿದ್ದ, ವೀಲ್‌ಚೇರ್ ಬಳಸುವ ಉದ್ಯೋಗಿಯೊಬ್ಬರನ್ನು ಹತ್ತು ಜನ ಸಹೋದ್ಯೋಗಿಗಳು ಇಂಥದೇ ಕುರ್ಚಿಯಲ್ಲಿ ಇಳಿಸಿ ಉಳಿಸಿಕೊಂಡರು. ಸುಮಾರು ಒಂದೂವರೆ ಗಂಟೆ ಹಿಡಿಯಿತು. ಅದೇ ಕಟ್ಟಡದಲ್ಲಿ 1993ರಲ್ಲಿ ಬಾಂಬ್ ಸಿಡಿದ ಮೇಲೆ ಕೊಂಡಿಟ್ಟ ಕುರ್ಚಿ ಅದು. ನಮ್ಮದು ನಾಲ್ಕೇ ಮಹಡಿ, ಆದರೂ ನಮಗೂ ಹೊಗೆ ಬಂದ ಮೇಲೆಯೇ ಬುದ್ಧಿ ಬಂದದ್ದು.

ಕಲಿಯುವಾಗ ಕುರ್ಚಿಯಲ್ಲಿ ಕೂತವನು ನಾನು. ಮೊದಲ ಮೆಟ್ಟಿಲಂಚಿಗೆ ಬಂದು ಕುರ್ಚಿ ಮುಂದಕ್ಕೆ ವಾಲುತ್ತಲ್ಲ, ಆಗ ಜೀವ ಬಾಯಿಗೆ ಬರುತ್ತೆ. ಹಿಡಿದವರು "ಈಗ ವಾಲಿಸ್ತೀನಿ" ಅಂತ ಹೇಳಿದರೆ ಎಷ್ಟೋ ಧೈರ್ಯ. ಅಕೌಂಟ್ಸ್‌ನವರು ಪಕ್ಕದಲ್ಲಿ ನಿಂತು ಹೇಗೆ ಹಿಡಿಯಬೇಕು, ಯಾವ ಬೆಲ್ಟ್ ಮೊದಲು ಹಾಕಬೇಕು ಅಂತ ಹೇಳಿಕೊಟ್ಟರು. ತಮ್ಮ ಕುರ್ಚಿಯಿಂದ ಇದಕ್ಕೆ ಬದಲಾಗುವುದೇ ಅವರಿಗೆ ಆಯಾಸ, ಅದಕ್ಕೆ ವರ್ಷಕ್ಕೆ ಒಂದೇ ಸಲ ಕೂರುತ್ತೇನೆ ಅಂದರು. ಸರಿ ಅಂದೆವು. ಜೊತೆಗಾರ ಅಂತ ಒಬ್ಬರನ್ನು ನೇಮಿಸಿದರೆ ಅವರು ರಜೆ ಹಾಕಿದ ದಿನವೇ ಅಲಾರಂ ಹೊಡೆಯುತ್ತೆ, ಅಲ್ವಾ? ಹಾಗಾಗಿ ನಾಲ್ವರು ಕಲಿತರು.

ಕೇಳಿಸದವರಿಗೆ ಮಿನುಗುವ ಅಲಾರಂ ದೀಪ ಬೇಕು. ಟಾಯ್ಲೆಟ್‌ನಲ್ಲಿ, ಸ್ಟೋರ್ ರೂಮಿನಲ್ಲಿ, ಒಬ್ಬರೇ ಇರುವ ಕಡೆಯೆಲ್ಲ ಬೇಕು. ಇದರಲ್ಲೊಂದು ತೊಡಕು ಎದುರಾಯಿತು. ದೀಪ ಹಾಕಿಸುತ್ತೇವೆ ಅಂತ ಎಲ್ಲರಿಗೂ ಮೇಲ್ ಕಳಿಸಿದ ದಿನ ಸಂಜೆ ಒಬ್ಬರು ಬಂದು ಬಾಗಿಲು ಹಾಕಿಕೊಂಡು ಮಾತಾಡಿದರು. ಅವರಿಗೆ ಮೂರ್ಛೆ ರೋಗ. ಬೆಳಕು ಬೇಗ ಬೇಗ ಮಿನುಗಿದರೆ ಕೆಲವರಿಗೆ ಅದರಿಂದಲೇ ಫಿಟ್ಸ್ ಬರುತ್ತೆ. ಅಲಾರಂ ದೀಪ ಸೆಕೆಂಡಿಗೆ ಒಂದೆರಡು ಸಲ ಮಾತ್ರ ಮಿನುಗಬೇಕು. ಒಂದೇ ಹಾಲ್‌ನಲ್ಲಿ ನಾಲ್ಕು ದೀಪ ಇದ್ದರೆ ನಾಲ್ಕೂ ಒಟ್ಟಿಗೇ ಮಿನುಗಬೇಕು. ಒಂದೊಂದು ಒಂದೊಂದು ತಾಳ ಹಿಡಿದರೆ ಕಣ್ಣಿಗೆ ಬೀಳುವ ಮಿನುಗು ಲೆಕ್ಕ ಮೀರುತ್ತೆ. ಅವರು ಬಂದು ಹೇಳದಿದ್ದರೆ ಒಬ್ಬರಿಗೆ ಅನುಕೂಲ ಮಾಡಲು ಹೋಗಿ ಇನ್ನೊಬ್ಬರನ್ನು ಬೀಳಿಸುತ್ತಿದ್ದೆ.

ಅವರು ಎಷ್ಟೋ ವರ್ಷದಿಂದ ನಮ್ಮಲ್ಲೇ ಇದ್ದವರು. ನಮಗ್ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆಫೀಸಿನ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕಳಿಸಿದೆವು: "ಅಲಾರಂ ಆದಾಗ ಗೊತ್ತಾಗಲು ಅಥವಾ ಮೆಟ್ಟಿಲಿಳಿಯಲು ನಿಮಗೆ ಯಾವುದಾದರೂ ನೆರವು ಬೇಕೇ? ಕಾರಣ ಬರೆಯಬೇಕಿಲ್ಲ." ಒಬ್ಬಿಬ್ಬರು ಉತ್ತರಿಸಬಹುದು ಅಂದುಕೊಂಡಿದ್ದೆ, ಏಳು ಜನ ಬರೆದರು. ಕಾರಣ ನಾವು ಕೇಳಲಿಲ್ಲ. ಯಾರಿಗೆ ಏನು ಬೇಕು ಅನ್ನುವ ಪಟ್ಟಿ ಮಾತ್ರ ನನ್ನ ಹತ್ತಿರ ಇದೆ. ಡ್ರಿಲ್‌ಗೆ ಒಂದು ವಾರ ಮುಂಚೆ ಅದೇ ಪ್ರಶ್ನೆ ಮತ್ತೆ ಎಲ್ಲರಿಗೂ ಹೋಗುತ್ತೆ. ಮಂಡಿ ಈ ವರ್ಷ ಚೆನ್ನಾಗಿದ್ದರೆ ಮುಂದಿನ ವರ್ಷ ಹಾಗೇ ಇರುತ್ತೆ ಅಂತ ಏನೂ ಇಲ್ಲವಲ್ಲ.

ನಾಲ್ಕನೇ ಡ್ರಿಲ್‌ಗೆ ಎಲ್ಲರೂ ಬಂದಿದ್ದರು. ಅಲಾರಂ ಹೊಡೆಯಿತು, ದೀಪ ಮಿನುಗಿತು, ಡಿಸೈನ್ ಮೇಡಂ ಎಲ್ಲರಿಗಿಂತ ಮೊದಲು ಎದ್ದರು. ಕುರ್ಚಿ ತರಲು ಹೋದರೆ ಅದನ್ನಿಟ್ಟ ಬೀರುವಿಗೆ ಬೀಗ. ಕೀ ನನ್ನ ಡ್ರಾಯರ್‌ನಲ್ಲಿ. ಕಳುವಾಗದಿರಲಿ ಅಂತ ನಾನೇ ಹಾಕಿದ್ದ ಬೀಗ! ಅಕೌಂಟ್ಸ್‌ನವರು ಮೆಟ್ಟಿಲ ಬಳಿ ಕೈ ಕಟ್ಟಿಕೊಂಡು ಕಾಯುತ್ತಾ ನನ್ನ ಮುಖ ನೋಡುತ್ತಿದ್ದರು. ಈಗ ಕುರ್ಚಿ ಮೆಟ್ಟಿಲ ಪಕ್ಕದ ಗೋಡೆಯಲ್ಲೇ ತೂಗುತ್ತಿದೆ.

ಒಟ್ಟು ಹದಿನಾಲ್ಕು ನಿಮಿಷ ಆಯಿತು. ಆರು ಇದ್ದದ್ದು ಹದಿನಾಲ್ಕು ಯಾಕಾಯಿತು, ಏನು ಎಡವಟ್ಟು ಅಂತ ಮೇಲಿನವರಿಂದ ಮೇಲ್ ಬಂತು. ಹಳೆಯ ಮೂರು ರಿಪೋರ್ಟ್ ಹೊರತೆಗೆದೆ. ಪ್ರತಿಯೊಂದರಲ್ಲೂ ನನ್ನ ಸಹಿಯ ಕೆಳಗೆ "ಒಬ್ಬರನ್ನು ಮನೆಗೆ ಕಳಿಸಿ ತೆಗೆದ ಸಮಯ" ಎಂದು ಬರೆದು, ಮೂರನ್ನೂ ಉತ್ತರಕ್ಕೆ ಲಗತ್ತಿಸಿ ಕಳಿಸಿದೆ.