ಒಂದೇ ಬುಡ, ಎರಡು ಮೋಟಾರ್

ಒರಗಿ ಕೂತು ತುಳಿಯುವ ಮೂರು ಗಾಲಿ ಸೈಕಲ್ಲಿಗೆ ಮೋಟಾರ್ ಹಾಕಿದ್ದೀನಿ ಅಂದ ತಕ್ಷಣ ಎಲ್ಲರೂ ಕೇಳೋದು, "ಹಬ್ ಮೋಟಾರಾ ಸಾರ್?" ಅಂತ. ಅಲ್ಲ. ಹಬ್ ಮೋಟಾರ್ ಕೆಟ್ಟದ್ದೇನಲ್ಲ, ಆದರೆ ಅದು ಚಕ್ರದ ನಡುಮಧ್ಯೆ, ಚಕ್ರದ ಜೊತೆಗೇ ಹುಟ್ಟಿದ ಹಾಗೆ ಕೂತುಬಿಡುತ್ತೆ. ಸುಟ್ಟರೆ ಸ್ಪೋಕ್ ಕಡ್ಡಿಗಳನ್ನೆಲ್ಲ ಬಿಚ್ಚಿ ಹೊಸ ಹಬ್ಬಿಗೆ ಚಕ್ರ ಕಟ್ಟಬೇಕು. ಅಷ್ಟು ಹೊತ್ತಿಗೆ ಆ ಮಾಡೆಲ್ಲೇ ಮಾರ್ಕೆಟ್ಟಿನಲ್ಲಿ ಇರಲ್ಲ. ನನಗೆ ಬೇಕಿದ್ದದ್ದು ಇವತ್ತು ಇದು, ನಾಳೆ ಇನ್ನೊಂದು ಅಂತ ಯಾವ ಮೋಟಾರ್ ಬಂದರೂ ಕೂರಿಸಿಕೊಳ್ಳುವ ಗಾಡಿ.

ಈ ಚಟ ಎಲ್ಲಿಂದ ಬಂತು ಅಂತ ನಮ್ಮ ಮನೆಯವರನ್ನ ಕೇಳಿದರೆ "ಕಾರ್ಖಾನೆಯಿಂದ" ಅಂತಾರೆ. ನಿಜ. ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನವನು. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚುವ ತೀರ್ಮಾನ ಮಾಡಿತು, ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ಒಂದು ವಾಚಿನ ಗಾಲಿ ತೆಗೆದು ಅದೇ ಜಾತಿಯ ಇನ್ನೊಂದಕ್ಕೆ ಹಾಕಿದರೆ ಅರ ಹಾಕದೆ, ಬಡಿಯದೆ ಕೂರಬೇಕು. ಅಷ್ಟಾಗೋದಕ್ಕೇ ಟೂಲ್‌ರೂಮ್ ಅಂತ ಒಂದು ಇದ್ದದ್ದು.

ಗಾಡಿಗೆ ಮುಂದೆ 20 ಇಂಚಿನ ಎರಡು ಚಕ್ರ, ಹಿಂದೆ 26 ಇಂಚಿನ ಒಂದು. ಚೌಕ ಪೈಪಿನ ಫ್ರೇಮನ್ನು ಅಂತರಸನಹಳ್ಳಿಯ ಶೆಡ್ಡೊಂದರಲ್ಲಿ ಬೆಸುಗೆ ಹಾಕಿಸಿದೆ. ಪೆಡಲ್ಲು ಗಾಡಿಯ ಮೂತಿಯ ಹತ್ತಿರ ಇರೋದರಿಂದ ಚೈನು ಮಾರುದ್ದ ಬೇಕು, ಮಾಮೂಲಿ ಸೈಕಲ್ ಚೈನುಗಳನ್ನೇ ಒಂದಕ್ಕೊಂದು ಜೋಡಿಸಿದ್ದು. ಸೀಟಿನ ಬೆನ್ನಿಗೆ ಎರಡು ಬೇರಿಂಗಿನ ಮೇಲೆ ಒಂದು ಅಡ್ಡ ಶಾಫ್ಟ್. ಪೆಡಲಿನ ಚೈನೂ ಮೋಟಾರಿನ ಚೈನೂ ಅಲ್ಲಿಗೇ ಬರುತ್ತವೆ, ಅಲ್ಲಿಂದ ಇನ್ನೊಂದು ಚೈನು ಹಿಂದಿನ ಗೇರಿಗೆ. ಎರಡೂ ಕಡೆ ಫ್ರೀ ವೀಲ್ ಇರಲೇಬೇಕು. ಇಲ್ಲದಿದ್ದರೆ ಮೋಟಾರ್ ತಿರುಗಿದಾಗ ಪೆಡಲ್ ತಾನಾಗಿ ತಿರುಗಿ ಮೊಣಕಾಲಿಗೆ ಬಡಿಯುತ್ತೆ, ನಾನು ತುಳಿದಾಗ ಸುಮ್ಮನಿರುವ ಮೋಟಾರನ್ನೂ ಎಳೆದು ತಿರುಗಿಸಬೇಕಾಗುತ್ತೆ.

ಈಗ ಮೋಟಾರ್ ಕೂರಿಸುವ ತಟ್ಟೆ ವಿಷಯ. ಫ್ರೇಮಿಗೆ ಬೆಸೆದದ್ದು 6 ಎಂಎಂ ಉಕ್ಕಿನ ಒಂದು ತಾಯಿ ತಟ್ಟೆ. ಪ್ರತಿ ಮೋಟಾರಿಗೂ ಅದರದೇ ಮರಿ ತಟ್ಟೆ. ಎರಡರ ನಡುವೆ ನಾಲ್ಕು ಬೋಲ್ಟು, ಎರಡು ಡೋವೆಲ್ ಪಿನ್ನು. ಬೋಲ್ಟು ಬಿಗಿ ಹಿಡಿಯೋಕೆ ಮಾತ್ರ, ಜಾಗ ಹೇಳೋದು ಪಿನ್ನು. ವೇಗ ಇಳಿಸಿ ಬಲ ಹೆಚ್ಚಿಸುವ ಗೇರು ಒಳಗೇ ಇರುವ 250 ವ್ಯಾಟಿನ ಗೇರ್ ಮೋಟಾರ್ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುವಾಗ, 9 ಹಲ್ಲಿನ ಸ್ಪ್ರಾಕೆಟ್ಟಿನ ಮೇಲೆ ಚೈನು ಎಳೆಯುವ ಬಲ 40 ಕೆ.ಜಿ. ದಾಟುತ್ತೆ. ನಿಂತಲ್ಲಿಂದ ಹೊರಡುವಾಗ ಇನ್ನೂ ಜಾಸ್ತಿ. ಬರೀ ಬೋಲ್ಟನ್ನು ನಂಬಿದರೆ ತೂತಿನ ಸಂದಿಯಷ್ಟು ತಟ್ಟೆ ಜರುಗುತ್ತೆ, ಚೈನು ಓರೆಯಾಗುತ್ತೆ, ಹಲ್ಲು ತಿನ್ನುತ್ತೆ. ಪಿನ್ನಿನ ತೂತನ್ನು ಡ್ರಿಲ್ಲಿನಲ್ಲೇ ಮುಗಿಸಬೇಡಿ, ತೂತನ್ನು ಸರಿಯಾದ ಅಳತೆಗೆ ನುಣುಪು ಮಾಡುವ ರೀಮರ್ ಹಾಕಿಸಿ. ಎಲ್ಲ ತಟ್ಟೆಗೂ ಒಂದೇ ಜಿಗ್ಗಿನಲ್ಲಿ, ಅಂದರೆ ಡ್ರಿಲ್ಲಿಗೆ ದಾರಿ ತೋರಿಸುವ ಅಚ್ಚಿನಲ್ಲಿ ಕೊರೆಸಿ. ಲೇತ್ ಹುಡುಗ "ಇಷ್ಟಕ್ಕೆಲ್ಲ ಜಿಗ್ ಯಾಕೆ ಅಂಕಲ್, ಮಾರ್ಕ್ ಮಾಡಿ ಹೊಡೀತೀನಿ" ಅಂದ. ಪಾಪ, ಒಳ್ಳೆ ಹುಡುಗ, ಕೈ ಸ್ವಲ್ಪ ಆತುರ.

ಆನ್‌ಲೈನಿನಲ್ಲಿ ತರಿಸಿದ ಒಂದು ಮೋಟಾರಿನ ಬುಡದ ತೂತುಗಳು ಮಾರುವವರೇ ಹಾಕಿದ್ದ ಡ್ರಾಯಿಂಗಿಗೆ ಹೊಂದಲಿಲ್ಲ. ಮಾಡೆಲ್ ನಂಬರ್ ಅದೇ, ಅಳತೆ ಬೇರೆ. ಫೋನಿನಲ್ಲಿ "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅಂತ ಉತ್ತರ. ಫ್ರೇಮಿಗೇ ತೂತು ಕೊರೆದಿದ್ದವರಾದರೆ ಫ್ರೇಮನ್ನೇ ಕೆಡಿಸಬೇಕಾಗಿತ್ತು. ನನಗೆ ಹೋದದ್ದು ಅಂಗೈಯಗಲ ತಗಡು.

ವೈರಿಂಗಿನಲ್ಲೂ ಇದೇ ಲೆಕ್ಕ. ಬ್ರಷ್ ಇರುವ ಗೇರ್ ಮೋಟಾರಿಗೆ ಎರಡೇ ವೈರು. ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಮೋಟಾರಿಗೆ ಮೂರು ದಪ್ಪ ವೈರು, ಜೊತೆಗೆ ಒಳಗೆ ತಿರುಗುವ ಭಾಗ ಎಲ್ಲಿದೆ ಅಂತ ಹೇಳುವ ಹಾಲ್ ಸೆನ್ಸರಿನ ಐದು ಸಣ್ಣ ವೈರು. ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಒಂದರದು ಇನ್ನೊಂದಕ್ಕೆ ಆಗಲ್ಲ. ಅದಕ್ಕೇ ಕಂಟ್ರೋಲರನ್ನೂ ಮರಿ ತಟ್ಟೆಯ ಮೇಲೇ ಕೂರಿಸಿದ್ದೀನಿ, ಮೋಟಾರ್ ಬಂದರೆ ಅದೂ ಬರುತ್ತೆ. ಗಾಡಿಯಲ್ಲಿ ಉಳಿಯೋದು ಬ್ಯಾಟರಿ ಪ್ಲಗ್ಗು, ಥ್ರಾಟಲ್, ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್ಚು. ಎರಡು ಮೋಟಾರೂ 24 ವೋಲ್ಟಿನವೇ ಇರಲಿ ಅಂತ ಹಠ ಹಿಡಿದು ಹುಡುಕಿದೆ, ಬ್ಯಾಟರಿ ಒಂದೇ ಸಾಕು. ಎಂಟು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳ ಸಾಲು, 25.6 ವೋಲ್ಟು.

ಮೋಟಾರ್ ಎರಡು ಯಾಕೆ ಅಂದರೆ, ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರೋಕೆ ಬಿಎಲ್‌ಡಿಸಿ. ಸದ್ದಿಲ್ಲ, ಬ್ರಷ್ ಸವೆಯುವ ಚಿಂತೆ ಇಲ್ಲ. ದೇವರಾಯನದುರ್ಗದ ಬೆಟ್ಟಕ್ಕೆ ಗೇರ್ ಮೋಟಾರ್. ಕೊಂಯ್ ಅಂತ ಕೂಗುತ್ತೆ, ನಾಮದ ಚಿಲುಮೆ ದಾಟಿದ ಮೇಲೆ ಕಾಡಿನಲ್ಲಿ ಆ ಕೂಗು ಕೇಳೋಕೆ ನನಗೇ ನಾಚಿಕೆ. ಆದರೆ ಎಳೆಯುತ್ತೆ. ನಾನು, ಗಾಡಿ, ಬ್ಯಾಟರಿ, ನೀರು ಸೇರಿ 110 ಕೆ.ಜಿ. ಅಂತ ಇಟ್ಟುಕೊಳ್ಳಿ. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ಹೋಗೋಕೆ, ಏರಿಗೇ 240 ವ್ಯಾಟ್ ಬೇಕು. ಮೋಟಾರಿನ 9 ಹಲ್ಲಿನಿಂದ ಶಾಫ್ಟಿನ 32ಕ್ಕೆ, ಅಲ್ಲಿಂದ ಹಿಂದಿನ 32ಕ್ಕೆ ಹಾಕಿದರೆ ಮೋಟಾರ್ ತನ್ನ ಪೂರ್ತಿ ವೇಗದಲ್ಲಿ ತಿರುಗುತ್ತಿರುವಾಗಲೇ ಚಕ್ರ 10 ಕಿ.ಮೀ. ಚಿಲ್ಲರೆಯಲ್ಲಿ ಹತ್ತುತ್ತೆ. ಗೇರಿಲ್ಲದ ಹಬ್ ಮೋಟಾರ್ ಇದೇ ಏರಿನಲ್ಲಿ ನಿಧಾನವಾಗಿ ಏದುಸಿರು ಬಿಡುತ್ತಾ ಆಂಪಿಯರ್ ಎಳೆದು ಕಾಯುತ್ತೆ. ಸುರುಳಿ ಸುಡೋದು ಹಾಗೇ. ಉಳಿದದ್ದು ನನ್ನ ಕಾಲು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಳಿಯುವಾಗ ಮಾತ್ರ ಹುಷಾರು. ಫ್ರೀ ವೀಲ್ ಇರೋದರಿಂದ ಮೋಟಾರ್ ಗಾಡಿಯನ್ನು ತಡೆಯಲ್ಲ, ಬ್ಯಾಟರಿಗೂ ಏನೂ ವಾಪಸ್ ಬರಲ್ಲ. ಮುಂದಿನ ಎರಡು ಡಿಸ್ಕ್ ಬ್ರೇಕುಗಳೇ ಗತಿ. ಬಿಸಿಯಾದರೆ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡ್ತೀನಿ. ಇನ್ನು ನಾಯಿಗಳು. ಒರಗಿ ಕೂತವನ ಮುಖವೂ ನಾಯಿಯ ಮುಖವೂ ಹೆಚ್ಚುಕಡಿಮೆ ಒಂದೇ ಎತ್ತರ, ಅವಕ್ಕೂ ಇದು ಹೊಸದು, ನನಗೂ ಹೊಸದು. ಲಾರಿಯವರಿಗೆ ಕಾಣಲಿ ಅಂತ ಬಿದಿರಿನ ಕೋಲಿಗೆ ಕೇಸರಿ ಬಟ್ಟೆ ಕಟ್ಟಿದ್ದೆ. ಬಿ.ಎಚ್. ರಸ್ತೆಯಲ್ಲಿ ಒಬ್ಬರು "ಯಾವ ಜಾತ್ರೆಗೆ ಯಜಮಾನ್ರೆ?" ಅಂದರು. ಈಗ ಹಳದಿ ಕಟ್ಟಿದ್ದೀನಿ.