ಪಂಪಿನಿಂದ ಹೊರಬರುವ ಹೊತ್ತು

ನವೆಂಬರ್ 16, 2024, ಶನಿವಾರ
ಬೆಂಗಳೂರು

ಎಕೋ, ಅಂದರೆ ಅಲ್ಟ್ರಾಸೌಂಡಿನಲ್ಲಿ ಹೃದಯ ನೋಡುವುದನ್ನು ಕಲಿಯಲು ಬರುವ ಕಿರಿಯ ಅರಿವಳಿಕೆ ವೈದ್ಯರು ಮೊದಮೊದಲು ಕೇಳುವುದೆಲ್ಲ ಡಿಗ್ರಿಯ ಲೆಕ್ಕ, ಅಲ್ಟ್ರಾಸೌಂಡ್ ಕಿರಣವನ್ನು ಎಷ್ಟು ತಿರುಗಿಸಬೇಕು ಎಂಬುದು. ಹೃದಯದ ನಾಲ್ಕೂ ಕೋಣೆ ಒಟ್ಟಿಗೆ ಕಾಣಬೇಕಾದರೆ 0ಯಿಂದ 20, ಎಡಗಡೆಯ ಎರಡೇ ಕೋಣೆ ಬೇಕಾದರೆ 90ರ ಆಸುಪಾಸು, ಎಡ ಹೃತ್ಕುಕ್ಷಿಯನ್ನು (ಮೈಗೆಲ್ಲ ರಕ್ತ ತಳ್ಳುವ ಕೆಳಕೋಣೆ) ಉದ್ದಕ್ಕೆ ಸೀಳಿದಂತೆ ನೋಡಲು 120ರಿಂದ 140. ಇಂದು ಬೆಳಿಗ್ಗೆ ಏಳು ಗಂಟೆಯ ತರಗತಿಯಲ್ಲೂ ಅದೇ ನಡೆಯಿತು. ಸಿಮ್ಯುಲೇಟರ್ ಗೊಂಬೆಯ ಬಾಯಲ್ಲಿ ಚಿತ್ರ ಹಿಡಿಯುವ ಪ್ರೋಬ್ ಇಳಿಸಿ, ಕೋನ ತಿರುಗಿಸುತ್ತ, ಪರದೆಯ ಮೇಲೆ ಕವಾಟ ಮೂಡಿದ ಕೂಡಲೇ ಅವರ ಮುಖ ಅರಳುತ್ತಿತ್ತು. ಆ ಖುಷಿ ನನಗೂ ಇಷ್ಟ. ಮಿಡಿಯುವ ಹೃದಯವನ್ನು ಒಳಗಿನಿಂದ ನೋಡುವುದು ಎಷ್ಟು ವರ್ಷವಾದರೂ ಹಳತಾಗುವ ಸಂಗತಿಯಲ್ಲ.

ಈ ಶಾಖೆಯ ಪರಿಚಯವಿಲ್ಲದವರಿಗಾಗಿ ಒಂದು ಮಾತು. ಎದೆಯ ಮೇಲೆ ಪ್ರೋಬ್ ಇಟ್ಟು ಮಾಡುವ ಎಕೋ ಎಲ್ಲರಿಗೂ ಗೊತ್ತು. ಹೃದಯದ ಶಸ್ತ್ರಚಿಕಿತ್ಸೆ ನಡೆಯುವಾಗ ಎದೆ ತೆರೆದಿರುತ್ತದೆ, ಅಲ್ಲಿ ಶಸ್ತ್ರಚಿಕಿತ್ಸಕರ ಕೈಗಳಿರುತ್ತವೆ. ಆದ್ದರಿಂದ ನಾವು ಹಿಂದಿನಿಂದ ನೋಡುತ್ತೇವೆ. ಅನ್ನನಾಳ ಎಡ ಹೃತ್ಕರ್ಣದ (ಎಡಗಡೆಯ ಮೇಲುಕೋಣೆ) ಬೆನ್ನಿಗೇ ಅಂಟಿಕೊಂಡಂತೆ ಹಾದುಹೋಗುತ್ತದೆ. ಅಡ್ಡಕ್ಕೆ ಪಕ್ಕೆಲುಬಿಲ್ಲ, ಗಾಳಿ ತುಂಬಿದ ಶ್ವಾಸಕೋಶವಿಲ್ಲ. ಬಾಗುವ ಕೊಳವೆಯ ತುದಿಯಲ್ಲಿರುವ ಪ್ರೋಬನ್ನು ಬಾಯಿಯ ಮೂಲಕ ಸುಮಾರು 30ರಿಂದ 40 ಸೆಂಟಿಮೀಟರ್ ಇಳಿಸಿದರೆ ಎಡಗಡೆಯ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟ ಎದುರಿಗೇ ಸಿಗುತ್ತದೆ. ಇನ್ನೂ ಕೆಳಗೆ ಜಠರಕ್ಕೆ ಹೋಗಿ ತುದಿಯನ್ನು ಮುಂದಕ್ಕೆ ಬಗ್ಗಿಸಿದರೆ ಎಡ ಹೃತ್ಕುಕ್ಷಿ ದುಂಡಗೆ ಕಾಣುತ್ತದೆ. ಆ ದುಂಡು ಎಷ್ಟು ತುಂಬಿದೆ, ಎಷ್ಟು ಬಿಗಿಯಾಗಿ ಹಿಂಡಿಕೊಳ್ಳುತ್ತಿದೆ ಎಂಬುದನ್ನು ನೋಡಿದರೆ ಸಾಕು, ರಕ್ತದೊತ್ತಡ ಏಕೆ ಕುಸಿಯಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ.

ಪ್ರೋಬ್ ಇಳಿಸುವ ಪಾಠವನ್ನು ನಾನು ಎಂದೂ ಅವಸರದಲ್ಲಿ ಮುಗಿಸುವುದಿಲ್ಲ. ಅನ್ನನಾಳ ಕಿರಿದಾಗಿದೆಯೇ, ಅಲ್ಲಿ ಗಡ್ಡೆ ಇದೆಯೇ, ಹಿಂದೆ ಶಸ್ತ್ರಚಿಕಿತ್ಸೆ ಆಗಿದೆಯೇ, ನುಂಗುವಾಗ ಊಟ ಸಿಕ್ಕಿಕೊಳ್ಳುತ್ತದೆಯೇ ಎಂದು ಹಿಂದಿನ ದಿನವೇ ರೋಗಿಯನ್ನು ಕೇಳಬೇಕು. ಜಠರದಲ್ಲಿರುವುದನ್ನು ಹೀರಿ ತೆಗೆಯಬೇಕು, ಹಲ್ಲಿಗೆ ರಕ್ಷಾಕವಚ ಇಡಬೇಕು, ಜೆಲ್ಲಿ ಹಚ್ಚಬೇಕು, ದವಡೆ ಎತ್ತಬೇಕು. ತುದಿಯನ್ನು ಬಗ್ಗಿಸುವ ಚಕ್ರದ ಬೀಗ ಬಿಟ್ಟಿರಬೇಕು. ತಡೆ ಸಿಕ್ಕರೆ ಅಲ್ಲಿಗೇ ನಿಲ್ಲಬೇಕು, ನೂಕುವುದಂತೂ ಕೂಡದು. 2001ರಲ್ಲಿ ಬಾಸ್ಟನ್ನಿನಿಂದ ಪ್ರಕಟವಾದ 7,200 ಹೃದಯ ಶಸ್ತ್ರಚಿಕಿತ್ಸಾ ರೋಗಿಗಳ ವರದಿಯಲ್ಲಿ ಈ ಪರೀಕ್ಷೆಯಿಂದ ತೊಂದರೆಯಾದವರು ಶೇ. 0.2ರಷ್ಟು, ಅನ್ನನಾಳ ತೂತಾದದ್ದು ಶೇ. 0.01. ಸಣ್ಣ ಸಂಖ್ಯೆಯೇ. ಆದರೆ ಮಲಗಿರುವ ರೋಗಿ ನೋವು ಎಂದು ಹೇಳಲಾರ. ಅವನ ಪರವಾಗಿ ಆ ನೋವನ್ನು ನಮ್ಮ ಕೈಯೇ ಗ್ರಹಿಸಬೇಕು.

ಎಂಟೂವರೆಗೆ ಥಿಯೇಟರಿನಲ್ಲಿ ಮೊದಲ ರೋಗಿ. ಮಿಟ್ರಲ್ ಕವಾಟದ ಹಿಂದಿನ ಎಸಳನ್ನು ಹಿಡಿದಿಡುವ ದಾರವೊಂದು ಹರಿದು, ಎಸಳಿನ ನಡುಭಾಗ ಪ್ರತಿ ಬಡಿತಕ್ಕೂ ಹೃತ್ಕರ್ಣದೊಳಕ್ಕೆ ಮಗುಚಿಕೊಳ್ಳುತ್ತಿತ್ತು. ಕವಾಟ ಬದಲಿಸದೆ ರಿಪೇರಿ ಮಾಡುವ ನಿರ್ಧಾರ. ಪ್ರೋಬ್ ಹಿಡಿದವಳು ತರಬೇತಿಯ ಎರಡನೆಯ ವರ್ಷದಲ್ಲಿರುವ, ಹುಬ್ಬಳ್ಳಿ ಕಡೆಯ ವೈದ್ಯೆ. ಕಡಿಮೆ ಮಾತಿನವಳು, ಕೈ ಮಾತ್ರ ಬಹಳ ನಯ.

ಎದೆ ತೆರೆಯುವ ಮೊದಲೇ ಅವಳು ಅಳತೆಗಳನ್ನೆಲ್ಲ ತೆಗೆದಳು. ಕವಾಟದಿಂದ ರಕ್ತ ಹಿಂದಕ್ಕೆ ಹೋಗುವ ಸೋರಿಕೆ, ರೋಗಿ ಆಸ್ಪತ್ರೆಗೆ ಸೇರಿದಾಗಿನ ಎಕೋದಲ್ಲಿದ್ದುದಕ್ಕಿಂತ ಕಡಿಮೆ ಕಾಣುತ್ತಿತ್ತು. ಏಕೆಂದು ಕೇಳಿದೆ. "ಅರಿವಳಿಕೆಯಿಂದ ಒತ್ತಡ ಇಳಿದಿದೆ ಮೇಡಂ, ಮುಂದಕ್ಕೆ ಹೋಗುವ ದಾರಿ ಸಲೀಸಾದ್ದರಿಂದ ಹಿಂದಕ್ಕೆ ಸೋರುವುದು ಕಡಿಮೆ" ಎಂದಳು. ರಕ್ತನಾಳ ಬಿಗಿಸುವ ಫಿನೈಲೆಫ್ರಿನ್ ಕೊಟ್ಟು ಒತ್ತಡವನ್ನು ರೋಗಿಯ ದಿನನಿತ್ಯದ ಮಟ್ಟಕ್ಕೆ ಏರಿಸಿ ಮತ್ತೆ ನೋಡಿದಾಗ ಸೋರಿಕೆ ತನ್ನ ನಿಜರೂಪ ತೋರಿಸಿತು. ಥಿಯೇಟರಿನ ಎಕೋವನ್ನು ಅರಿವಳಿಕೆ ತಜ್ಞರೇ ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ರೋಗಿಗೆ ಯಾವ ಔಷಧ, ಎಷ್ಟು, ಯಾವಾಗ ಹೋಗಿದೆ ಎಂಬುದು ನಮಗೆ ಗೊತ್ತು. ಅದನ್ನು ಬಿಟ್ಟು ಚಿತ್ರವನ್ನಷ್ಟೇ ಓದಿದರೆ ಓದು ತಪ್ಪುತ್ತದೆ.

ಇನ್ನೊಂದು ಅಳತೆಯನ್ನೂ ಅವಳು ಬಿಳಿ ಹಲಗೆಯ ಮೇಲೆ ಬರೆದಿಟ್ಟಳು: ಎರಡು ಎಸಳುಗಳು ಕೂಡುವ ಬಿಂದುವಿನಿಂದ ಹೃತ್ಕುಕ್ಷಿಗಳ ನಡುಗೋಡೆಗೆ ಇರುವ ದೂರ, 2.2 ಸೆಂಟಿಮೀಟರ್. ಅದು 2.5ಕ್ಕಿಂತ ಕಡಿಮೆ ಇದ್ದರೆ ರಿಪೇರಿಯ ನಂತರ ಮುಂದಿನ ಎಸಳು ನಡುಗೋಡೆಯತ್ತ ಸೆಳೆಯಲ್ಪಟ್ಟು, ರಕ್ತ ಹೊರಹೋಗುವ ದಾರಿಗೇ ಅಡ್ಡ ಬರುವ ಸಾಧ್ಯತೆ ಹೆಚ್ಚು.

ಮಧ್ಯಾಹ್ನ ರಿಪೇರಿ ಮುಗಿದು, ಕವಾಟದ ಸುತ್ತ ಉಂಗುರ ಹೊಲಿದು, ಹೃದಯದೊಳಗಿನ ಗಾಳಿ ತೆಗೆದರು. ಗಾಳಿ ಉಳಿದಿದೆಯೇ ಎಂದು ಹುಡುಕುವುದೂ ಎಕೋದ ಕೆಲಸ. ಬಿಳಿ ಚುಕ್ಕಿಗಳ ಹಾಗೆ ಗುಳ್ಳೆಗಳು ತೇಲುತ್ತವೆ, ಮಲಗಿದ ರೋಗಿಯಲ್ಲಿ ಅವು ಮೇಲ್ಮುಖವಾಗಿರುವ, ಹೃದಯಕ್ಕೇ ರಕ್ತ ಕೊಡುವ ಬಲ ಕರೊನರಿ ರಕ್ತನಾಳಕ್ಕೆ ನುಗ್ಗುವುದೇ ಹೆಚ್ಚು. ಅಲ್ಲಿಯವರೆಗೆ ಹೃದಯದ ಬದಲು ರಕ್ತ ತಳ್ಳುತ್ತಿದ್ದ ಹೃದಯ-ಶ್ವಾಸಕೋಶ ಯಂತ್ರದ (ನಾವು ಪಂಪು ಎನ್ನುವುದು ಇದನ್ನೇ) ಹರಿವನ್ನು, ಅದನ್ನು ನಡೆಸುವ ಪರ್ಫ್ಯೂಷನಿಸ್ಟ್ ಇಳಿಸುತ್ತ ಬಂದರು. ಪಂಪು ನಿಂತಿತು. ಎರಡು ನಿಮಿಷದೊಳಗೆ ಮೇಲಿನ ಒತ್ತಡ 70ಕ್ಕೆ ಇಳಿಯಿತು. ಬಡಿತ 110.

ಅಡ್ರಿನಲಿನ್ ಸಣ್ಣ ಪ್ರಮಾಣದಲ್ಲಿ ಆಗಲೇ ಹೋಗುತ್ತಿತ್ತು. ಒತ್ತಡ ಬಿದ್ದಾಗ ಅದನ್ನು ಏರಿಸುವುದು ಕೈಗೆ ಒಗ್ಗಿಹೋದ ಅಭ್ಯಾಸ. "ಅಡ್ರಿನಲಿನ್ ಹೆಚ್ಚಿಸಿ" ಎಂಬ ಮಾತು ಶಸ್ತ್ರಚಿಕಿತ್ಸಕರ ಕಡೆಯಿಂದ ಬಂತು. ಪಕ್ಕದಲ್ಲಿದ್ದ ಇನ್ನೊಬ್ಬ ಕಿರಿಯ ವೈದ್ಯ ಸಿರಿಂಜ್ ಪಂಪಿನತ್ತ ಕೈ ಚಾಚಿದ. ಪರದೆಯ ಮೇಲೆ ಬೇರೆಯೇ ಕಥೆ ನಡೆದಿತ್ತು. ಎಡ ಹೃತ್ಕುಕ್ಷಿ ಸಣ್ಣದಾಗಿ, ಬರಿದಾಗಿ, ಒಳಗೋಡೆಗಳು ಒಂದಕ್ಕೊಂದು ತಾಗುವಷ್ಟು ಜೋರಾಗಿ ಹಿಂಡಿಕೊಳ್ಳುತ್ತಿತ್ತು. ಪ್ರತಿ ಬಡಿತದಲ್ಲೂ ಮುಂದಿನ ಎಸಳು ನಡುಗೋಡೆಗೆ ಹೋಗಿ ಬಡಿಯುತ್ತಿತ್ತು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದರೆ ಹೊರದಾರಿಯಲ್ಲಿ ಹಳದಿ, ಹಸಿರು, ನೀಲಿ ಎಲ್ಲ ಕಲಸಿಹೋಗಿತ್ತು. ಹಿಂದೆ ಹೃತ್ಕರ್ಣಕ್ಕೆ ಹೊಸ ಸೋರಿಕೆ.

"ಹೇಳಮ್ಮ, ಏನು ಕಾಣುತ್ತಿದೆ?" ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಪರದೆಯ ಅಂಚಿನ ಮೇಲಿಂದ ನೇರವಾಗಿ ಶಸ್ತ್ರಚಿಕಿತ್ಸಕರಿಗೇ ಹೇಳಿದಳು: "ಸರ್, ಮುಂದಿನ ಎಸಳು ಹೊರದಾರಿಗೆ ಅಡ್ಡ ಬರುತ್ತಿದೆ. ಹೃದಯ ಖಾಲಿ ಇದೆ. ಅಡ್ರಿನಲಿನ್ ನಿಲ್ಲಿಸುತ್ತಿದ್ದೇನೆ, ಪಂಪಿನಿಂದ ರಕ್ತ ಕೊಡಿಸಿ."

ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ನಂತರ ಶಸ್ತ್ರಚಿಕಿತ್ಸಕರು ಪರದೆಯತ್ತ ಕತ್ತೆತ್ತಿ ನೋಡಿ, "ಸರಿ, ಕೊಡಿ" ಎಂದರು. ಅಡ್ರಿನಲಿನ್ ನಿಂತಿತು. ಪಂಪಿನ ಸಂಗ್ರಹದಿಂದ 100 ಮಿಲಿಲೀಟರಿನಂತೆ ರಕ್ತ ಒಳಗೆ ಹೋಯಿತು. ಫಿನೈಲೆಫ್ರಿನ್, ಬಡಿತ ತಗ್ಗಿಸಲು ಸ್ವಲ್ಪ ಎಸ್ಮೊಲಾಲ್. ಹೃತ್ಕುಕ್ಷಿ ತುಂಬುತ್ತ ಬಂದಂತೆ ಎಸಳು ನಡುಗೋಡೆಯಿಂದ ದೂರ ಸರಿಯಿತು. ಹೊರದಾರಿಯ ಬಣ್ಣಗಳು ತಿಳಿಯಾದವು, ಸೋರಿಕೆ ಗೆರೆಯಷ್ಟಾಯಿತು, ಒತ್ತಡ 110 ದಾಟಿತು. ಮತ್ತೆ ಪಂಪಿಗೆ ಹೋಗುವ, ಹೊಲಿದ ಕವಾಟವನ್ನು ಬಿಚ್ಚುವ ಪ್ರಮೇಯ ಬರಲಿಲ್ಲ.

ಅಡ್ರಿನಲಿನ್ ಏರಿಸಿದ್ದರೆ ಹೃದಯ ಇನ್ನೂ ಜೋರಾಗಿ ಹಿಂಡಿಕೊಂಡು ಎಸಳನ್ನು ಇನ್ನಷ್ಟು ಸೆಳೆಯುತ್ತಿತ್ತು. ಅದೇ 70ರ ಒತ್ತಡ ಬೈಪಾಸ್ ಆದ ಇನ್ನೊಬ್ಬ ರೋಗಿಯಲ್ಲಿ, ಊದಿಕೊಂಡು ಅಲುಗಾಡದ ಹೃತ್ಕುಕ್ಷಿಯೊಂದಿಗೆ ಬಂದಿದ್ದರೆ ಅಡ್ರಿನಲಿನ್ನೇ ಬೇಕಾಗುತ್ತಿತ್ತು, ರಕ್ತ ತುಂಬಿಸುವುದು ಅಪಾಯವಾಗುತ್ತಿತ್ತು. ಮಾನಿಟರಿನ ಅಂಕಿ ಎರಡು ಕಡೆಯೂ ಒಂದೇ. ಚಿಕಿತ್ಸೆ ಮಾತ್ರ ತದ್ವಿರುದ್ಧ.

ನಮ್ಮ ತರಬೇತಿಯಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಅವಳು ಇಂದು ಹೇಳಿದ ಆ ಮಾತು. ಚಿತ್ರ ಹಿಡಿಯುವುದನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಸಿಮ್ಯುಲೇಟರ್ ಇದೆ, ಪುಸ್ತಕವಿದೆ, ಅಂತರ್ಜಾಲದಲ್ಲಿ ಉಚಿತ ಪಾಠಗಳಿವೆ. ಆದರೆ ಕಂಡದ್ದನ್ನು ನಿರ್ಧಾರವಾಗಿ ತಿರುಗಿಸಿ, ತನಗಿಂತ ಇಪ್ಪತ್ತು ವರ್ಷ ಹಿರಿಯರಾದ ಶಸ್ತ್ರಚಿಕಿತ್ಸಕರು ಬೇರೊಂದನ್ನು ಹೇಳಿದ ಮರುಕ್ಷಣವೇ ಗಟ್ಟಿಯಾಗಿ ನುಡಿಯುವುದನ್ನು ಯಾವ ಗೊಂಬೆಯೂ ಕಲಿಸದು. ಹಿರಿಯರ ಮುಂದೆ ತಗ್ಗಿ ನಡೆಯಬೇಕೆಂದು ನಾವು ಮಕ್ಕಳನ್ನು ಬೆಳೆಸುತ್ತೇವೆ. ಥಿಯೇಟರಿನಲ್ಲಿ ಅದೇ ವಿನಯ "ಸ್ವಲ್ಪ ಏನೋ ಇರುವ ಹಾಗಿದೆ ಸರ್" ಎಂಬ ಗೊಣಗಾಟವಾಗಿ ಹೊರಬಂದರೆ ರೋಗಿಗೆ ಉಪಯೋಗವಿಲ್ಲ. ನಾನು ಕಿರಿಯರಿಗೆ ಹೇಳಿಕೊಡುವುದು ಇಷ್ಟು: ಏನು ಕಂಡಿತು, ಅದರ ಅರ್ಥವೇನು, ನಾನೀಗ ಏನು ಮಾಡುತ್ತಿದ್ದೇನೆ. ಈ ಮೂರನ್ನು ಒಂದೇ ಉಸಿರಿನಲ್ಲಿ, ತಗ್ಗದ ದನಿಯಲ್ಲಿ ಹೇಳಬೇಕು.

ಈ ವಿದ್ಯೆ ನಮ್ಮ ಕೈಗೆ ಬಂದ ಬಗೆಯೂ ಸ್ವಾರಸ್ಯದ್ದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುಥ್ ಹರ್ಟ್ಸ್ ಹೃದಯದ ಚಲನೆಯನ್ನು ಅಲ್ಟ್ರಾಸೌಂಡಿನಲ್ಲಿ ಮೊದಲು ದಾಖಲಿಸಿದರು. ಅವರ ಪ್ರಯೋಗ ಶುರುವಾದದ್ದು ಮಾಲ್ಮೋದ ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕಲು ಇಟ್ಟಿದ್ದ ಯಂತ್ರದಿಂದ. 1976ರಲ್ಲಿ ಷಿಕಾಗೋದ ಲಿಯಾನ್ ಫ್ರೇಜಿನ್ ಮತ್ತು ಸಂಗಡಿಗರು ಅನ್ನನಾಳದ ದಾರಿ ತೋರಿಸಿದರು. 80ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೈಕೆಲ್ ಕ್ಯಾಹಲನ್ ಮುಂತಾದ ಅರಿವಳಿಕೆ ತಜ್ಞರು ಅದನ್ನು ಥಿಯೇಟರಿನ ನಿತ್ಯದ ಕೆಲಸಕ್ಕೆ ಹಚ್ಚಿದರು. ಇಸಿಜಿ ಬದಲಾಗುವ ಮೊದಲೇ ಹೃದಯದ ಗೋಡೆ ಚಲನೆ ಕಳೆದುಕೊಳ್ಳುವುದು ಎಕೋದಲ್ಲಿ ಕಾಣುತ್ತದೆ ಎಂದು ಅವರ ತಂಡ 1985ರಲ್ಲಿ ತೋರಿಸಿತು. ಅಮೆರಿಕದಲ್ಲಿ ಇದಕ್ಕೆಂದೇ ವೈದ್ಯರಿಗೆ ಅರ್ಹತಾ ಪರೀಕ್ಷೆ ಶುರುವಾದದ್ದು 1998ರಲ್ಲಿ. 1999ರ ಮಾರ್ಗಸೂಚಿ ಪೂರ್ಣ ಪರೀಕ್ಷೆಗೆ 20 ನೋಟಗಳನ್ನು ಹೇಳಿತ್ತು, 2013ರಲ್ಲಿ ಅದು 28ಕ್ಕೆ ಏರಿತು. ಅದೇ ವರ್ಷ ಮೂಲ ಹಂತದವರಿಗೆಂದು 11 ನೋಟಗಳ ಪಟ್ಟಿಯೂ ಬಂತು. ನಮ್ಮ ದೇಶದ ಹೃದಯ ಅರಿವಳಿಕೆ ತಜ್ಞರ ಸಂಘವೂ 2013ರಲ್ಲಿ ತನ್ನದೇ ಮಾರ್ಗಸೂಚಿ ಪ್ರಕಟಿಸಿತು.

ಅಮೆರಿಕದ ಉನ್ನತ ಪ್ರಮಾಣಪತ್ರಕ್ಕೆ 300 ಪರೀಕ್ಷೆಗಳ ಅನುಭವ ಬೇಕು, ಅದರಲ್ಲಿ 150ನ್ನು ಸ್ವಂತ ಕೈಯಿಂದ ಮಾಡಿರಬೇಕು. ಇಂತಹ ಲೆಕ್ಕ ಬೇಕೇ ಬೇಕು, ಇಲ್ಲದಿದ್ದರೆ ಕಾರ್ಯಾಗಾರಕ್ಕೆ ಹೋಗಿ ಬಂದವರೆಲ್ಲ ಪರಿಣತರೆನಿಸಿಕೊಳ್ಳುತ್ತಾರೆ. ಆದರೆ ಲಾಗ್‌ಬುಕ್‌ಗಳನ್ನು ತಿರುವಿ ನೋಡಿದಾಗೆಲ್ಲ ನನಗೆ ಅಸಮಾಧಾನ. ಯಾವ ನೋಟ, ಯಾವ ಅಳತೆ, ಯಾವ ರೋಗ ಎಂದಿರುತ್ತದೆ. ಈ ಪರೀಕ್ಷೆಯಿಂದ ಏನು ಬದಲಾಯಿತು ಎಂದು ಕೇಳುವ ಅಂಕಣವೇ ಇರುವುದಿಲ್ಲ. ಸಂಜೆ ಕುಳಿತು ನಮ್ಮ ವಿಭಾಗದ ಹಾಳೆಗೆ ಎರಡು ಅಂಕಣ ಸೇರಿಸಿದೆ: "ಶಸ್ತ್ರಚಿಕಿತ್ಸಕರಿಗೆ ಹೇಳಿದ್ದು", "ಬದಲಾದದ್ದು". ಏನೂ ಬದಲಾಗದ ದಿನ ಹಾಗೆಂದೇ ಬರೆಯಲಿ.

ನನ್ನ ಮನಸ್ಸಿನಲ್ಲಿರುವ ಇನ್ನೊಂದು ವಿಷಯ, ಹೃದಯ ಶಸ್ತ್ರಚಿಕಿತ್ಸೆ ಇಲ್ಲದ ಆಸ್ಪತ್ರೆಗಳದ್ದು. ಹೆರಿಗೆಯಲ್ಲಿ ಧಾರಾಕಾರ ರಕ್ತ ಹೋಗುತ್ತಿರುವ ತಾಯಿ, ಸೊಂಟದ ಮೂಳೆ ಮುರಿದು ಬಂದ, ಎದೆಯಲ್ಲಿ ಮರ್ಮರ ಶಬ್ದವಿರುವ ಅಜ್ಜ, ಅಪಘಾತದಲ್ಲಿ ಹೃದಯದ ಸುತ್ತ ರಕ್ತ ಕಟ್ಟಿಕೊಂಡವರು. ಇವರೆಲ್ಲ ಜಿಲ್ಲಾ ಆಸ್ಪತ್ರೆಯ ಟೇಬಲ್ಲಿಗೆ ಬರುವವರು. ಅಲ್ಲಿ ಅನ್ನನಾಳದ ಪ್ರೋಬ್ ಇರಲಿಕ್ಕಿಲ್ಲ, ಎದೆಯ ಮೇಲಿಡುವ ಪ್ರೋಬ್ ಸಾಕು. ಹೃದಯ ತುಂಬಿದೆಯೇ ಖಾಲಿಯೇ, ಹಿಂಡುತ್ತಿದೆಯೇ ಇಲ್ಲವೇ, ಬಲಭಾಗ ಊದಿದೆಯೇ, ಸುತ್ತ ನೀರಿದೆಯೇ ಎಂಬಷ್ಟನ್ನು ಪ್ರತಿಯೊಬ್ಬ ಅರಿವಳಿಕೆ ವೈದ್ಯನೂ ಎಂ.ಡಿ. ಮುಗಿಸುವುದರೊಳಗೆ ಕಲಿಯಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳಿಗೆ ನೋಂದಣಿ ಕಡ್ಡಾಯ. ಹೆಣ್ಣುಮಕ್ಕಳ ಜೀವ ಉಳಿಸುವ ಕಾಯ್ದೆ ಅದು, ಸಡಿಲವಾಗಬಾರದು. ಹಾಗೆಂದು ಕಾಗದಪತ್ರದ ಭಯಕ್ಕೆ ಥಿಯೇಟರಿಗೆ ಯಂತ್ರವನ್ನೇ ತರಿಸದಿರುವುದು ಸರಿಯಲ್ಲ. ಕ್ರಮವಾಗಿ ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕು. ಅರ್ಜಿ ತುಂಬುವುದನ್ನೂ ತರಬೇತಿಯ ಭಾಗವಾಗಿ ಹೇಳಿಕೊಡುವ ಆಲೋಚನೆ ನನ್ನದು.

ಸೋಮವಾರದ ಪಟ್ಟಿಯಲ್ಲಿ ಮೊದಲ ಹೆಸರು ರಾಯಚೂರು ಕಡೆಯಿಂದ ಬಂದಿರುವ ಯುವತಿಯದು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮಿಟ್ರಲ್ ಕವಾಟ ಕಿರಿದಾಗಿದೆ, ಬಡಿತ ತಾಳ ತಪ್ಪಿದೆ. ಎಡ ಹೃತ್ಕರ್ಣದ ಮೂಲೆಯ ಚೀಲದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬುದನ್ನು ಶಸ್ತ್ರಚಿಕಿತ್ಸಕರು ಹೃದಯ ಮುಟ್ಟುವ ಮೊದಲೇ ಹೇಳಬೇಕು. ಕೈ ತಗುಲಿ ಹೆಪ್ಪು ಕಳಚಿದರೆ ಅದು ಮಿದುಳಿಗೆ ಹೋಗಬಹುದು. ಇಂದು ಸಿರಿಂಜ್ ಪಂಪಿಗೆ ಕೈ ಚಾಚಿದ ಹುಡುಗನಿಗೇ ಪ್ರೋಬ್ ಕೊಡುತ್ತೇನೆ. ಆ ಚೀಲವನ್ನು ಎರಡು ಕೋನಗಳಲ್ಲಾದರೂ ನೋಡಬೇಕೆಂದು ಈಗಷ್ಟೇ ಸಂದೇಶ ಕಳಿಸಿದೆ. "ನೋಡುತ್ತೇನೆ ಮೇಡಂ, ನಾನೇ ಹೇಳುತ್ತೇನೆ" ಎಂದು ಬರೆದಿದ್ದಾನೆ.