ಬೀಜ ಬದುಕಿದೆಯಾ ಅಂತ ನೋಡ್ತಿದ್ದೆ, ಮಿಸ್

ನನ್ನ ಗೆಳತಿ ಪುಟ್ಟ ಮಕ್ಕಳ ಟೀಚರ್. ಐದಾರು ವರ್ಷದವರು. ಈ ಸಲ ತರಗತಿಯಲ್ಲಿ ಗಿಡ ಬೆಳೆಸುತ್ತೇವೆ, ಒಬ್ಬಳಿಂದ ಆಗಲ್ಲ, ನೀನೂ ಬಾ ಎಂದು ಕರೆದಳು. ದಯೆ, ನಂಬಿಕೆ ಇದರಲ್ಲೇ ಬರುತ್ತೆ ಅಂದಳು. ಬೀಜ ನೆಟ್ಟರೆ ಬಟ್ಟೆ ಕೊಳೆಯಾಗುತ್ತೆ, ಇವೆಲ್ಲ ಎಲ್ಲಿಂದ ಬರಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡು ಹೋದೆ.

ಬೀನ್ಸ್ ಬೀಜಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದ್ದಳು. ನೀರು ಕುಡಿದು ಉಬ್ಬಿದ್ದವು. ಒಂದರ ಸಿಪ್ಪೆ ಸುಲಿದು, ಎರಡು ಹೋಳು ಬಿಡಿಸಿ, ಭೂತಗನ್ನಡಿ ಕೊಟ್ಟಳು. ಒಳಗೆ ಮೂಲೆಯಲ್ಲಿ ಚಿಕ್ಕ ಬೇರಿನ ಮೊನೆ, ಮಡಚಿಟ್ಟಂಥ ಎರಡು ಎಲೆ. ಎಲ್ಲರೂ ಮೈಮೇಲೆ ಬಿದ್ದು ನೋಡಿದರು. "ಇದು ಗಿಡದ ಪಾಪು" ಅಂದ ಒಬ್ಬ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: "ಹಾಗಾದ್ರೆ ನಾವು ಅದನ್ನ ಸಾಯಿಸಿದ್ವಾ ಮಿಸ್?"

ನಾನಾಗಿದ್ದರೆ ಏನೋ ಒಂದು ಹೇಳಿ ಮಾತು ತೇಲಿಸುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ. "ಹೌದು ಕಂದ, ಇದು ಇನ್ನು ಗಿಡ ಆಗಲ್ಲ. ಅದಕ್ಕೇ ಒಂದನ್ನ ಮಾತ್ರ ಬಿಡಿಸಿದ್ದು" ಎಂದಳು. ಆಮೇಲೆ ಉಳಿದ ಬೀಜಗಳನ್ನು ಮಕ್ಕಳು ಹಿಡಿದುಕೊಂಡ ರೀತಿಯೇ ಬೇರೆ. ಕೆಳಗೆ ಬಿದ್ದ ಒಂದು ಬೀಜಕ್ಕಾಗಿ ನಾಲ್ಕೈದು ಜನ ಬೆಂಚಿನಡಿ ತೂರಿದರು.

ತಳಕ್ಕೆ ತೂತು ಮಾಡಿದ ಕಾಗದದ ಲೋಟಗಳಲ್ಲಿ ಮಣ್ಣು ತುಂಬಿದೆವು. ಬೀನ್ಸಿಗೆ ತೋರುಬೆರಳಿನ ಮೊದಲ ಗೆಣ್ಣಿನಷ್ಟು ಆಳ. ಸಾಸಿವೆಗೆ ಮೇಲೆ ಮಣ್ಣು ಉದುರಿಸಿದರೆ ಸಾಕು. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರು ಪಟ್ಟು ಆಳ ಅನ್ನೋದು ಲೆಕ್ಕ. ಸಾಸಿವೆ ಹಾಕುವಾಗ ಯೇಸು ಹೇಳಿದ ಸಾಸಿವೆ ಕಾಳಿನ ಕತೆ ಬಂತು. ಅಷ್ಟು ಚಿಕ್ಕ ಕಾಳು ಹಕ್ಕಿಗಳು ಬಂದು ಕೂರುವಷ್ಟು ದೊಡ್ಡದಾಗಿ ಬೆಳೆಯುವ ಕತೆ. ಒಬ್ಬಳು ತನ್ನ ಲೋಟವನ್ನೇ ತಿರುಗಿಸಿ ನೋಡಿ, "ಇದರಲ್ಲಿ ಹಕ್ಕಿಗೆ ಜಾಗ ಎಲ್ಲಿದೆ?" ಅಂದಳು. ಕೊನೆಗೆ ಕಣ್ಣು ಮುಚ್ಚಿ ಪ್ರಾರ್ಥನೆ. "ದೇವರೇ, ನಂದೇ ಮೊದಲು ಬರಲಿ" ಎಂದು ಜೋರಾಗಿ ಕೇಳಿಕೊಂಡವಳೂ ಇವಳೇ.

ಮುಂದಿನ ಸಲ ಹೋದಾಗ ಸಾಸಿವೆ ಮೊಳೆತಿತ್ತು. ಅದಕ್ಕೆ ಮೂರು ನಾಲ್ಕು ದಿನ ಸಾಕು. ಬೀನ್ಸಿಗೆ ವಾರ, ಹತ್ತು ದಿನ ಬೇಕು. ಮಕ್ಕಳಿಗೆ ಹತ್ತು ದಿನ ಅಂದರೆ ಒಂದು ಯುಗ. ಒಬ್ಬ ಹುಡುಗ ದಿನಾ ಮಣ್ಣು ಕೆದಕಿ ಬೀಜ ಹೊರಗೆ ತೆಗೆದು ನೋಡಿ, ಮತ್ತೆ ಹೂಳುತ್ತಿದ್ದನಂತೆ. ಕೇಳಿದರೆ, "ಬದುಕಿದೆಯಾ ಅಂತ ನೋಡ್ತಿದ್ದೆ, ಮಿಸ್."

ಗೆಳತಿ ಬೈಯಲಿಲ್ಲ. ಗಾಜಿನ ಬಾಟಲಿಯೊಳಗೆ ಒದ್ದೆ ಟಿಶ್ಯೂ ಪೇಪರ್ ತುಂಬಿ, ಗಾಜಿಗೂ ಕಾಗದಕ್ಕೂ ನಡುವೆ ಒಂದು ಬೀನ್ಸ್ ಬೀಜ ಸಿಕ್ಕಿಸಿ ಅವನ ಮುಂದಿಟ್ಟಳು. ಮೊದಲು ಬೇರು ಕೆಳಗಿಳಿಯಿತು. ಆಮೇಲೆ ಕಾಂಡ ಕೊಕ್ಕೆಯ ಹಾಗೆ ಬಾಗಿಕೊಂಡೇ ಮೇಲೆದ್ದಿತು. ತಲೆ ತಗ್ಗಿಸಿ ಬಂದರೆ ಎಳೆ ಎಲೆಗಳಿಗೆ ಮಣ್ಣು ಉಜ್ಜುವುದಿಲ್ಲ, ಅದಕ್ಕೆ ಹಾಗೆ. ಅವನು ಬಾಟಲಿ ನೋಡುವುದು, ತನ್ನ ಲೋಟ ನೋಡುವುದು, "ನಂದೂ ಒಳಗೆ ಹಿಂಗೇ ಮಾಡ್ತಿರುತ್ತೆ" ಅನ್ನುವುದು. ಕೆದಕುವುದು ಅಲ್ಲಿಗೆ ನಿಂತಿತು. ನಂಬಿಕೆ ಅಂದರೆ ನೋಡದೆ, ಕೇಳದೆ ಒಪ್ಪಿಕೊಳ್ಳಬೇಕು ಅನ್ನುವವರ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಒಂದನ್ನು ಕಣ್ಣಾರೆ ಕಂಡಿದ್ದಕ್ಕೇ ಕಾಣದ ಇನ್ನೊಂದನ್ನು ಇವನು ನಂಬಿದ, ಅಲ್ವಾ?

ಪ್ರಾರ್ಥನೆಯ ಹುಡುಗಿಯ ಕತೆ ಬೇರೆ. ಅವಳ ಲೋಟದಲ್ಲಿ ಏನೂ ಬರಲಿಲ್ಲ. ಪ್ರೀತಿ ಜಾಸ್ತಿಯಾಗಿ ನೀರು ಸುರಿದೂ ಸುರಿದೂ ಮಣ್ಣು ಕೆಸರಾಗಿತ್ತು. ಗಾಳಿ ಸಿಗದೆ ಬೀಜ ಕೊಳೆತಿತ್ತು. "ದೇವರಿಗೆ ಕೇಳಿಸಲಿಲ್ವಾ?" ಅಂದಳು. ಗೆಳತಿ ಸ್ವಲ್ಪ ಹೊತ್ತು ಅವಳ ಪಕ್ಕ ಸುಮ್ನೆ ಕೂತಳು. ಆಮೇಲೆ ಇನ್ನೊಂದು ಬೀಜ ಕೊಟ್ಟು, ಮಣ್ಣಿಗೆ ಬೆರಳಿಟ್ಟು ಒಣಗಿದ್ದರೆ ಮಾತ್ರ ನೀರು ಹಾಕು ಎಂದು ತೋರಿಸಿದಳು. ಮಗು ಕೇಳಿದ್ದಕ್ಕೆ ಉತ್ತರ ಮಾತ್ರ ಹೇಳಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ ಬಿಡಿ. ಅಷ್ಟರಲ್ಲಿ ಪಕ್ಕದ ಹುಡುಗ ತನ್ನ ಲೋಟವನ್ನು ಅವಳ ಕಡೆ ಸರಿಸಿ, "ಅದು ಬರೋವರೆಗೂ ಇದು ಇಬ್ಬರದ್ದು" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ.

ನಿಜವಾದ ಗಲಾಟೆ ಶುರುವಾಗಿದ್ದು ಹಸಿರು ಹುಳು ಬಂದಾಗ. ಸಾಸಿವೆ ಎಲೆಗಳಲ್ಲಿ ತೂತು. ಹುಡುಕಿದರೆ ಎಲೆಯ ಅಡಿಯಲ್ಲಿ ಒಂದು ಪುಟ್ಟ ಕಂಬಳಿಹುಳು. ಬಿಸಾಕಿ ಅಂತ ಒಂದು ಗುಂಪು. ಅದಕ್ಕೂ ಹಸಿವಾಗಲ್ವಾ ಅಂತ ಇನ್ನೊಂದು. "ದಯೆ ಅಂದ್ರೆ ಗಿಡಕ್ಕೋ ಹುಳಕ್ಕೋ?" ಎಂದು ಒಬ್ಬ ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪಾಠದ ಪಟ್ಟಿಯಲ್ಲಿ ಅದಿರಲಿಲ್ಲ. ವಾದ ಊಟದ ಗಂಟೆವರೆಗೂ ನಡೆಯಿತು. ಕೊನೆಗೆ ಒಂದು ಗಿಡವನ್ನು ಹುಳಕ್ಕೆ ಬಿಟ್ಟುಕೊಡುವುದು, ಉಳಿದವನ್ನು ದೂರ ಇಡುವುದು ಎಂದು ಅವರೇ ತೀರ್ಮಾನಿಸಿದರು. ಯಾರ ಗಿಡ ಅನ್ನುವುದು ಮಾತ್ರ ನಾನು ಹೊರಡುವವರೆಗೂ ಬಗೆಹರಿದಿರಲಿಲ್ಲ.